ಬಾಣಂತಿಗೆ ಜ್ವರ ಬಂದರೆ ‘ಬೆಳಗಾಗಲಿ’ ಅನ್ನಬೇಡಿ

ಸ್ವಸಹಾಯ ಸಂಘಗಳಿಗೆ ಈ ತಿಂಗಳ ಆರೋಗ್ಯ ಪಾಠ



ಈ ತಿಂಗಳ ಪಾಠ ಹೆರಿಗೆಯ ನಂಜಿನ ಬಗ್ಗೆ. ಓದು ಬರುವ ಸದಸ್ಯೆ ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ. ಮಗಳೋ ಸೊಸೆಯೋ ಬಸುರಿಯಾಗಿರುವ ಮನೆಯವರು ಈ ಸಭೆಯನ್ನು ತಪ್ಪಿಸಬೇಡಿ.

ಒಂದು ರಾತ್ರಿ ನಡೆದದ್ದು

ಇದು 2008ಕ್ಕಿಂತ ಹಿಂದಿನ ಮಾತು. 108 ಆಂಬ್ಯುಲೆನ್ಸ್ ನಮ್ಮ ರಾಜ್ಯಕ್ಕೆ ಇನ್ನೂ ಬಂದಿರಲಿಲ್ಲ. ನಾನು ನೋಡಿಕೊಳ್ಳುತ್ತಿದ್ದ ಒಂದು ಸಂಘದ ಸದಸ್ಯೆಗೆ ಎರಡನೇ ಹೆರಿಗೆ ಆಗಿತ್ತು. ಮಗು ಚೆನ್ನಾಗಿತ್ತು. ಆರನೇ ದಿನ ಅವಳು ಚಳಿ ಹತ್ತಿ ನಡುಗಿದಳು. ‘ಎದೆಹಾಲು ಕಟ್ಟಿದೆ, ಹೋಗುತ್ತೆ ಬಿಡಿ’ ಅಂದರು ಮನೆಯವರು. ಬಿಸಿ ಇಟ್ಟಿಗೆಯಿಂದ ಕಾವು ಕೊಟ್ಟರು, ಕಷಾಯ ಕುಡಿಸಿದರು. ನೀರು ಕೇಳಿದರೆ ‘ಬಾಣಂತಿಗೆ ನೀರು ಜಾಸ್ತಿ ಕೊಡಬಾರದು’ ಅಂದರು. ಎಂಟನೇ ದಿನ ಸಂಜೆ ಜ್ವರ ಇಳಿದ ಹಾಗಾಯಿತು, ಕೈಕಾಲು ತಣ್ಣಗಾದವು. ಎಲ್ಲರಿಗೂ ಸಮಾಧಾನ. ಆದರೆ ಅವಳು ಏದುಸಿರು ಬಿಡುತ್ತಿದ್ದಳು, ಏನೇನೋ ಮಾತಾಡುತ್ತಿದ್ದಳು.

ಗಂಡ ಕೆಲಸಕ್ಕೆಂದು ದೂರದ ಊರಿಗೆ ಹೋಗಿದ್ದ. ಜೀಪಿನವನು ಮುಂಗಡ ಕೇಳಿದ. ಸಂಘದ ಪೆಟ್ಟಿಗೆಯಲ್ಲಿ ದುಡ್ಡಿತ್ತು. ಆದರೆ ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಹತ್ತಿರ. ಬೀಗದ ಕೈ ಇಟ್ಟುಕೊಂಡವರು ಮದುವೆಗೆ ಹೋಗಿದ್ದರು. ಸಭೆಯ ತೀರ್ಮಾನ ಇಲ್ಲದೆ ಸಾಲ ಕೊಡಬಾರದು ಎಂಬ ನಿಯಮ ಬೇರೆ. ‘ಬೆಳಗಾಗಲಿ ನೋಡೋಣ’ ಅಂದರು. ಬೆಳಿಗ್ಗೆ ಏಳಕ್ಕೆ ಹೊರಟವರು ದೊಡ್ಡ ಆಸ್ಪತ್ರೆ ಮುಟ್ಟುವಾಗ ಹನ್ನೊಂದು ಗಂಟೆ. ಮಧ್ಯಾಹ್ನ ಅವಳು ತೀರಿಕೊಂಡಳು.

ಪೆಟ್ಟಿಗೆ ಒಂದು ಕಡೆ, ಬೀಗದ ಕೈ ಒಂದು ಕಡೆ ಇರಬೇಕು ಎಂದು ಆ ಸಂಘಕ್ಕೆ ಕಲಿಸಿದವಳು ನಾನೇ. ನಿಯಮ ತಪ್ಪಲ್ಲ. ಆದರೆ ಇಂಥ ಒಂದು ರಾತ್ರಿಯೂ ಬರಬಹುದು, ಆಗ ಏನು ಮಾಡಬೇಕು ಎಂದು ನಾನು ಕಲಿಸಿರಲಿಲ್ಲ. ಅದಕ್ಕೇ ಈ ಪಾಠ.

ನಂಜು ಏರಿದಾಗ ಮೈಯೊಳಗೆ ಆಗುವುದೇನು?

ಮಾಸು ಬಿದ್ದ ಮೇಲೆ ಗರ್ಭಕೋಶದಲ್ಲಿ ಅದು ಅಂಟಿದ್ದ ಜಾಗ ಹಸಿ ಗಾಯದ ಹಾಗಿರುತ್ತದೆ. ಹೊಲಿಗೆ ಹಾಕಿದ್ದರೆ ಅದೂ ಗಾಯ. ಸಿಸೇರಿಯನ್ ಆಗಿದ್ದರೆ ಹೊಟ್ಟೆಯ ಮೇಲೂ ಗಾಯ. ಇಲ್ಲಿಂದ ರೋಗಾಣು ಒಳಗೆ ಹೋಗಬಹುದು. ಗರ್ಭಪಾತದ ನಂತರ, ಮೂತ್ರದ ಸೋಂಕಿನಿಂದ, ನ್ಯುಮೋನಿಯಾದಿಂದಲೂ ನಂಜು ಏರಬಹುದು. ರೋಗಾಣುವಿನ ಜೊತೆ ಮೈ ಹೋರಾಡುತ್ತದೆ. ಕೆಲವರಲ್ಲಿ ಆ ಹೋರಾಟ ಹದ ತಪ್ಪಿ ಸ್ವಂತ ಅಂಗಾಂಗಗಳಿಗೇ ಪೆಟ್ಟು ಬೀಳುತ್ತದೆ. ಇದಕ್ಕೆ ಡಾಕ್ಟರುಗಳು ಸೆಪ್ಸಿಸ್ ಅನ್ನುತ್ತಾರೆ.

ತೋಟದ ಪೈಪನ್ನು ನೆನೆಸಿಕೊಳ್ಳಿ. ಪೈಪು ಸಡಿಲವಾಗಿ ಹಿಗ್ಗಿ ಅಲ್ಲಲ್ಲಿ ಸೋರತೊಡಗಿದರೆ ಮೋಟಾರು ಎಷ್ಟು ಓಡಿದರೂ ಕೊನೆಯ ಗಿಡಕ್ಕೆ ನೀರು ಮುಟ್ಟುವುದಿಲ್ಲ. ಹಾಗೆಯೇ ನಂಜು ಏರಿದಾಗ ರಕ್ತನಾಳಗಳು ಸಡಿಲವಾಗಿ ಸೋರುತ್ತವೆ. ಹೃದಯ ಜೋರಾಗಿ ಬಡಿದರೂ ಬಿಪಿ ಬೀಳುತ್ತದೆ. ಮೂತ್ರಪಿಂಡಕ್ಕೆ ರಕ್ತ ಸಾಲದೆ ಮೂತ್ರ ಕಡಿಮೆ ಆಗುತ್ತದೆ. ಮಿದುಳಿಗೆ ಸಾಲದೆ ಮಾತು ತಪ್ಪುತ್ತದೆ. ಡ್ರಿಪ್ ಕೊಟ್ಟರೂ ಬಿಪಿ ಏರದೆ, ಅದಕ್ಕೆಂದೇ ಔಷಧಿ ಕೊಡಬೇಕಾದ ಸ್ಥಿತಿಗೆ ಸೆಪ್ಟಿಕ್ ಶಾಕ್ ಎಂದು ಹೆಸರು. ಜ್ವರ ಇಳಿದು ಕೈಕಾಲು ತಣ್ಣಗಾಗುವುದು ಯಾವಾಗಲೂ ಗುಣವಾದ ಗುರುತಲ್ಲ, ಕೆಲವೊಮ್ಮೆ ಅದು ಕೊನೆಯ ಎಚ್ಚರಿಕೆ.

ಉಸಿರಿನ ಮೇಲೆ ಕಣ್ಣಿಡಿ

ರಕ್ತನಾಳಗಳು ಸೋರಿದಾಗ ಶ್ವಾಸಕೋಶದ ಸಣ್ಣ ಗಾಳಿಚೀಲಗಳಲ್ಲೂ ನೀರು ತುಂಬುತ್ತದೆ. ಆಗ ಆಮ್ಲಜನಕ ರಕ್ತಕ್ಕೆ ಸೇರುವುದಿಲ್ಲ. ಬಸುರಿಗೆ ಈ ಅಪಾಯ ಇನ್ನೂ ಬೇಗ. ಬೆಳೆದ ಗರ್ಭ ವಪೆಯನ್ನು ಮೇಲಕ್ಕೆ ಒತ್ತುತ್ತದೆ, ಶ್ವಾಸಕೋಶದಲ್ಲಿ ಉಳಿಯುವ ಗಾಳಿ ಕಡಿಮೆ. ಆದರೆ ಎರಡು ಜೀವಕ್ಕೆ ಬೇಕಾಗುವ ಆಮ್ಲಜನಕ ಮೊದಲಿಗಿಂತ ಹೆಚ್ಚು. ಆದಾಯ ಕಡಿಮೆಯಾಗಿ ಖರ್ಚು ಹೆಚ್ಚಾದ ಮನೆಯ ಲೆಕ್ಕದ ಹಾಗೆ. 2009ರ ಎಚ್1ಎನ್1 ಜ್ವರದಲ್ಲೂ 2020-21ರ ಕೊರೋನಾದಲ್ಲೂ ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಗರ್ಭಿಣಿಯರೇ ಹೆಚ್ಚಾಗಿ ತೀವ್ರ ನಿಗಾ ಘಟಕ ಸೇರಬೇಕಾಯಿತು.

ಉಸಿರು ಎಣಿಸಲು ಯಂತ್ರ ಬೇಡ. ರೋಗಿ ಸುಮ್ಮನೆ ಮಲಗಿರುವಾಗ ಗಡಿಯಾರ ನೋಡುತ್ತಾ ಎದೆ ಏರುವುದನ್ನು ಒಂದು ನಿಮಿಷ ಎಣಿಸಿ. ಸಾಮಾನ್ಯವಾಗಿ 12ರಿಂದ 20 ಇರುತ್ತದೆ. 25 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಪಾಯ.

ವಿಯೆನ್ನಾದ ಎರಡು ವಾರ್ಡುಗಳು

ಹೆರಿಗೆಯ ನಂಜು ಇಂದಿನದಲ್ಲ. ಆಸ್ಟ್ರಿಯಾ ದೇಶದ ವಿಯೆನ್ನಾದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದರಲ್ಲಿ ಡಾಕ್ಟರು ಮತ್ತು ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಸೂಲಗಿತ್ತಿಯರ ವಾರ್ಡಿನಲ್ಲಿ ನೂರಕ್ಕೆ ಮೂವರಿಗಿಂತ ಕಡಿಮೆ ತಾಯಂದಿರು ಸತ್ತರೆ, ಡಾಕ್ಟರುಗಳ ವಾರ್ಡಿನಲ್ಲಿ ನೂರಕ್ಕೆ ಹನ್ನೊಂದು. ‘ಆ ವಾರ್ಡಿಗೆ ಹಾಕಬೇಡಿ’ ಎಂದು ಬಸುರಿಯರು ಬೇಡಿಕೊಳ್ಳುತ್ತಿದ್ದರು.

ಅಲ್ಲಿದ್ದ ಸೆಮೆಲ್‌ವೈಸ್ ಎಂಬ ಡಾಕ್ಟರು ಕಾರಣ ಹುಡುಕಿದರು. ಡಾಕ್ಟರುಗಳು ಶವಪರೀಕ್ಷೆ ಮಾಡಿದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದರು. 1847ರ ಮೇ ತಿಂಗಳಲ್ಲಿ, ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದೇ ಒಳಗೆ ಬರಬೇಕು ಎಂದು ಅವರು ನಿಯಮ ಮಾಡಿದರು. ಕೆಲವೇ ವಾರಗಳಲ್ಲಿ ಸಾವು ನೂರಕ್ಕೆ ಸುಮಾರು ಎರಡಕ್ಕೆ ಇಳಿಯಿತು. ಆದರೂ ಅವರ ಕಾಲದ ದೊಡ್ಡವರು ಬಹಳ ಮಂದಿ ಅವರ ಮಾತು ಒಪ್ಪಲಿಲ್ಲ. ಬಾಣಂತಿಯನ್ನು ಮುಟ್ಟುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ ಎಂದು ನಾವು ಹೇಳುವಾಗ ನಗುವವರಿಗೆ ಈ ಕಥೆ ಹೇಳಿ.

ಈಚಿನ ಅಧ್ಯಯನಗಳು

2017ರ ಕೊನೆಯಲ್ಲಿ 52 ದೇಶಗಳ ಏಳುನೂರಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ಒಂದೇ ವಾರ ಲೆಕ್ಕ ತೆಗೆದರು. ಆಸ್ಪತ್ರೆಯೊಳಗೆ ಸತ್ತ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಸಾವಿನಲ್ಲಿ ಸೋಂಕಿನ ಪಾಲಿತ್ತು.

ಇನ್ನೊಂದು ನಮ್ಮ ರಾಜ್ಯಕ್ಕೂ ಸೇರಿದ್ದು. ಏಳು ದೇಶಗಳಲ್ಲಿ 29 ಸಾವಿರಕ್ಕೂ ಹೆಚ್ಚು ಹೆಂಗಸರು ಪಾಲುಗೊಂಡ ಅಧ್ಯಯನ, 2023ರಲ್ಲಿ ಪ್ರಕಟವಾಯಿತು. ಬೆಳಗಾವಿಯ ತಾಯಂದಿರೂ ಅದರಲ್ಲಿದ್ದರು. ಸಹಜ ಹೆರಿಗೆಗೆ ಬಂದವರಲ್ಲಿ ಅರ್ಧ ಮಂದಿಗೆ ಹೆರಿಗೆ ನೋವಿನ ಸಮಯದಲ್ಲಿ ಅಜಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಒಂದು ಸಲ ಬಾಯಿಗೆ ಕೊಟ್ಟರು, ಉಳಿದವರಿಗೆ ಔಷಧಿಯಿಲ್ಲದ ಮಾತ್ರೆ. ಸೆಪ್ಸಿಸ್ ಅಥವಾ ಸಾವು ಸಾವಿರಕ್ಕೆ 24 ಇದ್ದದ್ದು 16ಕ್ಕೆ ಇಳಿಯಿತು. ಮಗುವಿನ ಸೋಂಕು ಮಾತ್ರ ಇದರಿಂದ ಕಡಿಮೆ ಆಗಲಿಲ್ಲ. ಇದನ್ನು ಕೇಳಿ ಮೆಡಿಕಲ್ ಶಾಪಿಗೆ ಓಡಬೇಡಿ! ಕೊಡುವುದೋ ಬೇಡವೋ ಎನ್ನುವುದು ಹೆರಿಗೆ ಮಾಡಿಸುವ ಡಾಕ್ಟರಿಗೆ ಬಿಟ್ಟದ್ದು. ಬೇಕಾಬಿಟ್ಟಿ ನುಂಗಿದ ಆಂಟಿಬಯೋಟಿಕ್ ಮುಂದೆ ಬೇಕಾದಾಗ ಕೆಲಸ ಮಾಡದೆ ಹೋಗಬಹುದು.

ಆಫ್ರಿಕಾದ ಮಲಾವಿ ಮತ್ತು ಉಗಾಂಡಾ ದೇಶಗಳು ನಮಗಿಂತ ಬಡವು. ಅಲ್ಲಿ ಹೊಸ ಔಷಧಿ ತರಲಿಲ್ಲ. ಕೈ ತೊಳೆಯುವುದನ್ನು ಬಿಗಿ ಮಾಡಿದರು, ನಂಜನ್ನು ಬೇಗ ಗುರುತಿಸಲು ಕಲಿಸಿದರು, ಗುರುತಿಸಿದ ತಕ್ಷಣ ಐದು ಕೆಲಸ ಮಾಡಿಸಿದರು: ಡ್ರಿಪ್, ಆಂಟಿಬಯೋಟಿಕ್, ನಂಜಿನ ಮೂಲ ತೆಗೆಯುವುದು, ಬೇಕಾದರೆ ದೊಡ್ಡ ಆಸ್ಪತ್ರೆಗೆ ಕಳಿಸುವುದು, ಬಿಡದೆ ನಿಗಾ. ಸೋಂಕಿನಿಂದಾಗುವ ಸಾವು ಮತ್ತು ಗಂಭೀರ ಸ್ಥಿತಿ ಸುಮಾರು ಮೂರರಲ್ಲಿ ಒಂದು ಭಾಗ ಕಡಿಮೆಯಾಯಿತು.

ಗಂಟೆಯ ಲೆಕ್ಕ ಎಷ್ಟು ಮುಖ್ಯ? ಕೆನಡಾ, ಅಮೆರಿಕದ ಆಸ್ಪತ್ರೆಗಳಲ್ಲಿ ಸೆಪ್ಟಿಕ್ ಶಾಕ್ ಆದ ಎಲ್ಲ ಬಗೆಯ ರೋಗಿಗಳ ದಾಖಲೆ ನೋಡಿ 2006ರಲ್ಲಿ ಒಂದು ವರದಿ ಬಂತು. ಬಿಪಿ ಬಿದ್ದ ಮೊದಲ ಗಂಟೆಯಲ್ಲೇ ಸರಿಯಾದ ಔಷಧಿ ಸಿಕ್ಕವರಲ್ಲಿ ನೂರಕ್ಕೆ ಸುಮಾರು 80 ಮಂದಿ ಉಳಿದರು. ಮುಂದಿನ ಆರು ಗಂಟೆಗಳಲ್ಲಿ ಒಂದೊಂದು ಗಂಟೆ ತಡವಾದ ಹಾಗೆ ಉಳಿಯುವವರು ನೂರಕ್ಕೆ ಏಳೆಂಟರಂತೆ ಕಡಿಮೆಯಾದರು. ನಮ್ಮ ಸದಸ್ಯೆ ಕಾದದ್ದು ಇಡೀ ರಾತ್ರಿ.

ಅಪಾಯದ ಗುರುತುಗಳು

ಬಸುರಿಯಲ್ಲಿ, ಹೆರಿಗೆ ಅಥವಾ ಗರ್ಭಪಾತವಾಗಿ 42 ದಿನದೊಳಗಿನವರಲ್ಲಿ ಇವುಗಳಲ್ಲಿ ಒಂದು ಕಂಡರೂ ತಡ ಮಾಡಬೇಡಿ:

1. ಜ್ವರ 100.4 ಡಿಗ್ರಿ ಅಥವಾ ಹೆಚ್ಚು, ಅಥವಾ ಚಳಿ ನಡುಕ
2. ಸುಮ್ಮನೆ ಮಲಗಿದ್ದರೂ ಉಸಿರು ನಿಮಿಷಕ್ಕೆ 25 ಅಥವಾ ಹೆಚ್ಚು, ಇಲ್ಲವೇ ಎದೆ ಬಿಗಿತ
3. ಸಂಬಂಧವಿಲ್ಲದ ಮಾತು, ವಿಪರೀತ ಮಂಪರು
4. ಕೈಕಾಲು ತಣ್ಣಗೆ, ಬೆವರು, ತಲೆಸುತ್ತು
5. ಮೂತ್ರ ಬಹಳ ಕಡಿಮೆ ಅಥವಾ ಇಲ್ಲವೇ ಇಲ್ಲ
6. ಕೆಳಹೊಟ್ಟೆ ನೋವು, ವಾಸನೆಯ ಸ್ರಾವ, ಹೊಲಿಗೆಯಲ್ಲಿ ಕೀವು

108ಕ್ಕೆ ಫೋನ್ ಮಾಡಿ, ಆಶಾ ಕಾರ್ಯಕರ್ತೆಗೆ ತಿಳಿಸಿ. ತುಂಬು ಬಸುರಿಯನ್ನು ಅಂಗಾತ ಮಲಗಿಸಬೇಡಿ, ಎಡ ಮಗ್ಗುಲಿಗೆ ಮಲಗಿಸಿ. ಉಸಿರು ಕಷ್ಟವಿದ್ದರೆ ತಲೆ, ಬೆನ್ನು ಎತ್ತರಕ್ಕಿರಲಿ. ತಾಯಿ ಕಾರ್ಡು, ಕೊಟ್ಟ ಮಾತ್ರೆಗಳ ಚೀಟಿ ಮರೆಯಬೇಡಿ. ಆಸ್ಪತ್ರೆಯಲ್ಲಿ ಮೊದಲು ಹೇಳಬೇಕಾದ ಮಾತು: ‘ಹೆರಿಗೆಯಾಗಿ ಇಷ್ಟು ದಿನ, ಜ್ವರ ಇಷ್ಟು ದಿನ, ನಂಜು ಇರಬಹುದಾ ನೋಡಿ.’ ಹೀಗೆ ಕೇಳುವುದು ಅಧಿಕಪ್ರಸಂಗವಲ್ಲ.

ಸಂಘ ಮಾಡಬೇಕಾದದ್ದು

ಇಷ್ಟನ್ನು ತೀರ್ಮಾನ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿ:

‘ಬಸುರಿ, ಬಾಣಂತಿಯರ ತುರ್ತಿಗೆ ಇಷ್ಟು ರೂಪಾಯಿಯನ್ನು ಪೆಟ್ಟಿಗೆಯಿಂದ ಬೇರೆ ಇಟ್ಟಿದ್ದೇವೆ. ಅದು ಇಂಥ ಇಬ್ಬರ ಮನೆಯಲ್ಲಿ ಇರುತ್ತದೆ. ಅವರಲ್ಲಿ ಒಬ್ಬರು ಯಾವಾಗಲೂ ಊರಿನಲ್ಲಿ ಇರಬೇಕು. ಸಭೆ ಕರೆಯದೆ, ರಾತ್ರಿಯಾದರೂ ಕೊಡಬಹುದು. ಲೆಕ್ಕವನ್ನು ಮುಂದಿನ ಸಭೆಯಲ್ಲಿ ನೋಡುತ್ತೇವೆ.’

ಇದರ ಜೊತೆ ಒಂದು ಥರ್ಮಾಮೀಟರ್ ಕೊಂಡು ಸಂಘದಲ್ಲಿ ಇಡಿ. ರಾತ್ರಿ ಗಾಡಿ ಸಿಗುವ ಇಬ್ಬರ ಫೋನ್ ನಂಬರನ್ನು ಗೋಡೆಯ ಮೇಲೆ ಬರೆಯಿರಿ. ಬಾಣಂತಿ ಇರುವ ಮನೆಗೆ ಮೊದಲ ಎರಡು ವಾರ ಒಬ್ಬ ಸದಸ್ಯೆ ಹೋಗಿ ಬರಲಿ. ಮಗುವನ್ನು ನೋಡಿ ಬರುವುದಷ್ಟೇ ಅಲ್ಲ, ತಾಯಿಯ ಹಣೆ ಮುಟ್ಟಿ, ಉಸಿರು ಎಣಿಸಿ ಬರಲಿ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಊರಿನಲ್ಲಿ ಬಾಣಂತಿಗೆ ಜ್ವರ ಬಂದರೆ ಮೊದಲು ಏನು ಮಾಡುತ್ತೇವೆ?
2. ಆಸ್ಪತ್ರೆಗೆ ಹೋಗಲು ಯಾರ ಒಪ್ಪಿಗೆಗಾಗಿ ಕಾಯುತ್ತೇವೆ? ಅವರು ಊರಿನಲ್ಲಿ ಇಲ್ಲದಿದ್ದರೆ?
3. ಈ ರಾತ್ರಿ ಒಂದು ಗಂಟೆಗೆ ದುಡ್ಡು ಬೇಕಾದರೆ ನಮ್ಮ ಪೆಟ್ಟಿಗೆಯ ಬೀಗದ ಕೈ ಎಲ್ಲಿದೆ?

ಮೂರನೆಯ ಪ್ರಶ್ನೆಗೆ ಉತ್ತರ ಸಿಗುವವರೆಗೆ ಸಭೆ ಮುಗಿಸಬೇಡಿ.