ಆಕಳಿಗೆ ಹುಲ್ಲು ಸಾಕು, ನಾಯಿಗೆ ರೊಟ್ಟಿ ಏಕೆ ಸಾಲದು?

ಕಾಶಿಯ ಮಣಿಕರ್ಣಿಕಾ ಘಾಟಿಗೆ ಹೋದವರು ಹಗಲಿರುಳೂ ಉರಿಯುವ ಚಿತೆಗಳನ್ನೂ ಒಟ್ಟಿದ ಸೌದೆಯ ರಾಶಿಗಳನ್ನೂ ಕಂಡು ಬರುತ್ತಾರೆ. ಅವುಗಳ ನಡುವೆಯೇ ಬದುಕುವ ಮೂಕಪ್ರಾಣಿಗಳತ್ತ ಗಮನ ಹೋಗುವುದು ಕಡಿಮೆ. ಚಟ್ಟದಿಂದ ತೆಗೆದೆಸೆದ ಚೆಂಡುಹೂವಿನ ಹಾರಗಳನ್ನು ಆಕಳೂ ಮೇಕೆಯೂ ಮೆಲ್ಲುತ್ತವೆ. ಯಾತ್ರಿಕರು ಎಸೆಯುವ ರೊಟ್ಟಿಯ ಚೂರಿಗೆ ನಾಯಿ ಕಾದಿರುತ್ತದೆ. ಹೂವು ಹುಲ್ಲು ತಿಂದ ಆಕಳು ಹಾಲು ಕೊಡುತ್ತದೆ. ಬರಿಯ ರೊಟ್ಟಿಯನ್ನೇ ತಿಂದ ನಾಯಿಮರಿಯಾದರೋ ಹೊಟ್ಟೆ ತುಂಬಿದ್ದರೂ ಬೆಳೆಯದೆ ಬಡಕಲಾಗುತ್ತದೆ. ಈ ಭೇದವೇಕೆ?

ಮಾಂಸ, ರಕ್ತ, ಕೂದಲು, ರೋಗವನ್ನು ಎದುರಿಸುವ ಪ್ರತಿಕಾಯಗಳು ಇವೆಲ್ಲಕ್ಕೂ ಸಸಾರಜನಕ, ಎಂದರೆ ಪ್ರೋಟೀನು, ಬೇಕೇ ಬೇಕು. ಪ್ರೋಟೀನನ್ನು ಒಂದು ಹಾರವೆಂದುಕೊಂಡರೆ ಅಮೈನೋ ಆಮ್ಲಗಳೇ ಅದರ ಹೂಗಳು. ಇಪ್ಪತ್ತು ಬಗೆಯ ಈ ಹೂಗಳಲ್ಲಿ ಹತ್ತನ್ನು ನಾಯಿಯ ದೇಹವು ಸಾಕಷ್ಟು ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಆದುದರಿಂದ ಇವನ್ನು ಅತ್ಯವಶ್ಯಕ ಅಮೈನೋ ಆಮ್ಲಗಳೆನ್ನುತ್ತಾರೆ. ಲೈಸೀನ್ ಅವುಗಳಲ್ಲೊಂದು. ಗೋಧಿಯಲ್ಲಿ ಇದು ಬಹಳ ಕಡಿಮೆ. ಒಂದು ಹೂವು ಮುಗಿದರೆ ಹಾರ ಕಟ್ಟುವ ಕೆಲಸವೇ ನಿಲ್ಲುತ್ತದೆ. ಉಳಿದ ಹೂಗಳು ಎಷ್ಟಿದ್ದರೇನು? ದೇಹವು ಅವನ್ನು ಉರುವಲಾಗಿ ಬಳಸಿ, ಅವುಗಳ ಸಾರಜನಕವನ್ನು ಯೂರಿಯಾ ರೂಪದಲ್ಲಿ ಮೂತ್ರದೊಡನೆ ಹೊರಹಾಕುತ್ತದೆ.

ಇದನ್ನು ಅಮೆರಿಕದ ಆಸ್‌ಬರ್ನ್ ಮತ್ತು ಮೆಂಡೆಲ್ ಎಂಬ ವಿಜ್ಞಾನಿಗಳು 1914ರಲ್ಲಿ ಬಿಳಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. ಮುಸುಕಿನ ಜೋಳದ ಜೀನ್ ಎಂಬ ಪ್ರೋಟೀನೊಂದನ್ನೇ ತಿಂದ ಇಲಿಗಳು ತೂಕ ಕಳೆದುಕೊಂಡವು. ಟ್ರಿಪ್ಟೋಫೇನ್ ಎಂಬ ಅಮೈನೋ ಆಮ್ಲವನ್ನು ಬೆರೆಸಿದಾಗ ತೂಕ ಇಳಿಯುವುದು ನಿಂತಿತು, ಆದರೆ ಬೆಳವಣಿಗೆಯಿಲ್ಲ. ಅದರೊಡನೆ ಲೈಸೀನನ್ನೂ ಸೇರಿಸಿದ ಮೇಲೆ ಇಲಿಗಳು ಬೆಳೆಯತೊಡಗಿದವು!

ಇನ್ನು ಆಕಳ ಮಾತು. ಅದರ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳು. ರೂಮೆನ್ ಎಂಬ ದೊಡ್ಡ ಕೋಣೆಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ನೆಲೆಸಿವೆ. ಅವು ಹುಲ್ಲಿನ ನಾರನ್ನು ಕೊಳೆಯಿಸಿ, ಸಿಕ್ಕಿದ ಸಾರಜನಕದಿಂದ ಲೈಸೀನ್ ಮೊದಲಾದವನ್ನೆಲ್ಲ ತಾವೇ ನಿರ್ಮಿಸಿಕೊಳ್ಳುತ್ತವೆ. ಮುಂದೆ ಆ ಜೀವಿಗಳೇ ಆಕಳಿಗೆ ಆಹಾರವಾಗಿ ಜೀರ್ಣವಾಗುತ್ತವೆ. ನಾಯಿ ಹೊರಚೆಲ್ಲುವ ಯೂರಿಯಾದ ಒಂದು ಪಾಲನ್ನು ಆಕಳು ಜೊಲ್ಲಿನ ಮೂಲಕ ಮತ್ತೆ ರೂಮೆನ್‌ಗೇ ಕಳುಹಿಸುತ್ತದೆ; ಎಂಥ ಜಿಪುಣತನ ನೋಡಿ! ಫಿನ್ಲೆಂಡಿನ ವಿರ್ಟಾನೆನ್ ಅವರು ಮೇವಿನಲ್ಲಿ ಪ್ರೋಟೀನಿಲ್ಲದೆ, ಯೂರಿಯಾ ಮತ್ತು ಅಮೋನಿಯಂ ಲವಣಗಳಿಂದಲೇ ಸಾರಜನಕ ಒದಗಿಸಿ ಹಸುಗಳಿಂದ ಹಾಲು ಕರೆದುದನ್ನು 1966ರಲ್ಲಿ ಪ್ರಕಟಿಸಿದರು. ಬಹಳ ಹೆಚ್ಚು ಹಾಲು ಕೊಡುವ ತಳಿಗಳಿಗೆ ಮಾತ್ರ ಈ ಒಳಗಿನ ಉತ್ಪತ್ತಿ ಸಾಲದು.

ಪುಣ್ಯಕ್ಕೆಂದು ಹಸುವಿಗೆ ಒಮ್ಮೆಲೇ ಬುಟ್ಟಿಗಟ್ಟಲೆ ಅನ್ನ, ಪೂರಿ ತಿನ್ನಿಸುವವರಿದ್ದಾರೆ. ಪಿಷ್ಟ ಹೆಚ್ಚಾದರೆ ರೂಮೆನ್ ಹುಳಿಯಾಗಿ, ನಾರನ್ನು ಕರಗಿಸುವ ಜೀವಿಗಳು ಸಾಯುತ್ತವೆ, ಹಸುವೂ ಸಾಯಬಹುದು. ಹೂವಿನೊಡನೆ ನುಂಗಿದ ಪ್ಲಾಸ್ಟಿಕ್ ದಾರವನ್ನಂತೂ ಯಾವ ಸೂಕ್ಷ್ಮಜೀವಿಯೂ ಅಲ್ಲಿ ಕರಗಿಸದು. ನಾಯಿಮರಿಗೆ ರೊಟ್ಟಿ ಹಾಕುವವರು ಜೊತೆಗೆ ಬೇಯಿಸಿದ ಮೊಟ್ಟೆಯನ್ನೋ, ಉಪ್ಪು ಖಾರ ಈರುಳ್ಳಿಯಿಲ್ಲದ ಬೆಂದ ಬೇಳೆಯನ್ನೋ ಕೊಟ್ಟರೆ ಲೈಸೀನಿನ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಹುಟ್ಟಿದ ಕರುವಿಗೆ ರೂಮೆನ್ ಇನ್ನೂ ಬಲಿತಿರುವುದಿಲ್ಲ. ಮೊದಲ ಕೆಲವು ವಾರ ಅದೂ ನಾಯಿಮರಿಯಂತೆಯೇ. ಲೈಸೀನಿಗಾಗಿ ತಾಯಿಯ ಹಾಲನ್ನೇ ನಂಬಿರುತ್ತದೆ.