ಬಂದವರಿಂದ ಬೆಳೆದ ಊರು: ವಿಶಾಖಪಟ್ಟಣದ ಪರಿಚಯ

ಹೊಟ್ಟೆಪಾಡಿಗಾಗಿ ಪರಸ್ಥಳಕ್ಕೆ ಬಂದ ನಮ್ಮಲ್ಲಿ ಬಹುಮಂದಿ ಮನೆಯಿಂದ ಕೆಲಸಕ್ಕೆ ಹೋಗುವ ದಾರಿ, ಪೇಟೆಯ ದಾರಿ, ರೈಲು ನಿಲ್ದಾಣದ ದಾರಿ ಇಷ್ಟನ್ನು ಬಲ್ಲೆವು. ಇಷ್ಟರಿಂದಲೇ ಹತ್ತು ವರ್ಷ ಕಳೆದುಬಿಡಬಹುದು. ಆದರೆ ತಾನಿರುವ ಊರು ಯಾವುದರಿಂದ ಬದುಕುತ್ತಿದೆ ಎಂಬುದನ್ನು ತಿಳಿಯದವನು ತನ್ನ ಕೆಲಸ ನಾಳೆ ಉಳಿಯುವುದೋ ಹೋಗುವುದೋ ಎಂಬುದನ್ನೂ ಊಹಿಸಲಾರ. ಆದುದರಿಂದ ಈ ಬಾರಿಯ ಪಾಠಕ್ಕೆ ವಿಶಾಖಪಟ್ಟಣವನ್ನೇ ಆರಿಸಿಕೊಂಡಿದ್ದೇವೆ. ವಿಜಯವಾಡದ ವಾಚಕರು ಬೇಸರಿಸಬಾರದು. ಅವರ ಊರಿನ ಮಾತೂ ಬರುತ್ತದೆ.

1901ರಲ್ಲಿ ಇಲ್ಲಿದ್ದ ಜನ ಸುಮಾರು ನಲವತ್ತು ಸಾವಿರ. 2011ರ ಜನಗಣತಿಯಲ್ಲಿ ಮಹಾನಗರದ ಎಲ್ಲೆಯೊಳಗೆ 17 ಲಕ್ಷ ದಾಟಿತ್ತು. ಗಾಜುವಾಕ ಮೊದಲಾದ ಸುತ್ತಣ ಊರುಗಳು 2005ರಲ್ಲಿ ನಗರಕ್ಕೆ ಸೇರಿದುದು ನಿಜ. ಆದರೂ ಮುಖ್ಯ ಕಾರಣ, ಕೆಲಸ ಅರಸಿ ಬಂದವರು.

ಅವರನ್ನು ಮೊದಲು ಕರೆದದ್ದು ಬಂದರು. ಕಲ್ಕತ್ತೆಗೂ ಮದರಾಸಿಗೂ ನಡುವೆ ಬಿರುಗಾಳಿಯಲ್ಲಿ ದೊಡ್ಡ ಹಡಗಿಗೆ ಆಸರೆಯಾಗುವ ಜಾಗ ಬೇಕಾಗಿತ್ತು. ಇಲ್ಲಿ ಡಾಲ್ಫಿನ್ಸ್ ನೋಸ್ ಎಂಬ ಗುಡ್ಡ ಸಮುದ್ರದೊಳಕ್ಕೆ ಮೂಗು ಚಾಚಿದೆ. ಅದರ ಬೆನ್ನಿಗೆ ಹಳ್ಳವೊಂದು ಬಂದು ಸೇರುವ ಕೆಸರುಭೂಮಿ ಇತ್ತು. ಅದನ್ನೇ ತೋಡಿ ಒಳಬಂದರು ಮಾಡಿದರು. ಈ ಕರಾವಳಿಯಲ್ಲಿ ಅಲೆಗಳು ತೆಂಕಣಿಂದ ಬಡಗಣಕ್ಕೆ ಮರಳನ್ನು ತಳ್ಳುತ್ತಲೇ ಇರುವುದರಿಂದ ಬಂದರಿನ ಬಾಯಿ ಮುಚ್ಚಿಹೋಗುವ ಭಯ. ಅದಕ್ಕೆ ಎರಡು ಹಳೆಯ ಹಡಗುಗಳಿಗೆ ಕಲ್ಲು ತುಂಬಿ ಮುಳುಗಿಸಿ ತಡೆಗೋಡೆ ಮಾಡಿದರು. 1933ರ ಅಕ್ಟೋಬರ್ 7ರಂದು ‘ಜಲದುರ್ಗ’ ಎಂಬ ಹಡಗು ಮೊದಲು ಒಳಕ್ಕೆ ಬಂದಿತು. ಡಿಸೆಂಬರಿನಲ್ಲಿ ವೈಸರಾಯ್ ವಿಲ್ಲಿಂಗ್ಡನ್ ವಿಧಿವತ್ತಾಗಿ ಬಂದರನ್ನು ತೆರೆದರು. ಮಧ್ಯಪ್ರಾಂತದ ಮ್ಯಾಂಗನೀಸ್ ಅದಿರು ಇಲ್ಲಿಂದ ಹೊರಗೆ ಹೋಗತೊಡಗಿತು.

ಅದಕ್ಕೂ ಮೊದಲು ಈ ಸೀಮೆಯಿಂದ ಹೊರಗೆ ಹೋಗುತ್ತಿದ್ದ ಮುಖ್ಯ ಸರಕು ಮನುಷ್ಯರೇ ಎಂದರೆ ತಪ್ಪಾಗದು. ಎದುರು ದಡದಲ್ಲಿ ಬರ್ಮಾ. ಇಲ್ಲಿನ ಹಳ್ಳಿಗರು ಹಡಗು ಹತ್ತಿ ರಂಗೂನಿಗೆ ಹೋಗಿ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು, ಅಕ್ಕಿ ಗಿರಣಿಗಳಲ್ಲಿ ದುಡಿಯುತ್ತಿದ್ದರು. 1931ರಲ್ಲಿ ರಂಗೂನಿನ ಜನಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಭಾರತೀಯರು! ಕಾಕಿನಾಡದ ಹತ್ತಿರದ ಕೋರಂಗಿ ಎಂಬ ಹಳೆಯ ರೇವಿನ ಹೆಸರು ಹಿಡಿದು ತೆಲುಗು ಕೂಲಿಗಳನ್ನು ಅಲ್ಲಿ ‘ಕೋರಂಗಿ’ ಎಂದೇ ಕರೆಯುತ್ತಿದ್ದರು; ಮರ್ಯಾದೆಯ ಮಾತಾಗಿರಲಿಲ್ಲ. 1930ರ ಮೇ ತಿಂಗಳಲ್ಲಿ ಇವರು ಕೂಲಿ ಹೆಚ್ಚಿಸಬೇಕೆಂದು ಮುಷ್ಕರ ಹೂಡಿದಾಗ ಒಡೆಯರು ಬರ್ಮೀಯರನ್ನು ಕೆಲಸಕ್ಕೆ ಹಚ್ಚಿದರು. ಮುಷ್ಕರ ಮುಗಿದೊಡನೆ ಅವರನ್ನು ಹೊರಗಟ್ಟಿದರು. ಆಗ ಎದ್ದ ಗಲಭೆಯಲ್ಲಿ ಸತ್ತವರು ಬಡ ಕೂಲಿಗಳು. ಎರಡು ಕಡೆಯನ್ನೂ ಕುಣಿಸಿದವರಿಗೆ ಏನೂ ಆಗಲಿಲ್ಲ. 1942ರಲ್ಲಿ ಜಪಾನೀಯರು ಬರ್ಮಾವನ್ನು ಹಿಡಿದಾಗ ಲಕ್ಷಾಂತರ ಭಾರತೀಯರು ಕಾಡುದಾರಿಯಲ್ಲಿ ನಡೆದು ಹಿಂತಿರುಗಿದರು. ಅದೇ ವರ್ಷ ಏಪ್ರಿಲ್ 6ರಂದು ವಿಶಾಖಪಟ್ಟಣದ ಮೇಲೂ ಜಪಾನೀ ವಿಮಾನಗಳು ಬಾಂಬು ಹಾಕಿದವು. ಜನ ಊರು ಬಿಟ್ಟು ಓಡಿದರು. ಇಲ್ಲಿ ಬರ್ಮಾ ಕ್ಯಾಂಪ್ ಎಂಬ ಬಡಾವಣೆಯ ಹೆಸರು ಕೇಳಿದಾಗ ಇದನ್ನು ನೆನೆಯಬೇಕು. ವಿಚಿತ್ರವೆಂದರೆ 1960ರ ದಶಕದಲ್ಲಿ ಬೈಲಾಡಿಲ ಬೆಟ್ಟದ ಕಬ್ಬಿಣದ ಅದಿರನ್ನು ಈ ಬಂದರಿಗೆ ತರಲು ಕಿರಂದುಲ್ ರೈಲುಮಾರ್ಗ ಹಾಕಿದ್ದು ಅದೇ ಜಪಾನಿಗೆ ಮಾರುವುದಕ್ಕಾಗಿ.

ಹಡಗುಕಟ್ಟೆಯ ಕಥೆ ಚಿಕ್ಕದಾಗಿ: ವಾಲ್‌ಚಂದ್ ಹೀರಾಚಂದರ ಸಿಂಧಿಯಾ ಕಂಪೆನಿ 1941ರಲ್ಲಿ ಆರಂಭಿಸಿತು, ಇಲ್ಲಿ ಕಟ್ಟಿದ ‘ಜಲ ಉಷಾ’ವನ್ನು 1948ರಲ್ಲಿ ನೆಹರೂ ನೀರಿಗಿಳಿಸಿದರು. 1957ರಲ್ಲಿ ತೈಲ ಶುದ್ಧೀಕರಣ ಕಾರ್ಖಾನೆ, 1968ರಲ್ಲಿ ನೌಕಾದಳದ ಪೂರ್ವ ಕಮಾಂಡು. ವಿದ್ಯೆಯ ವಿಷಯದಲ್ಲಿ ಮಾತ್ರ ಕನ್ನಡಿಗರಾದ ನಾವು ಸ್ವಲ್ಪ ನಿಲ್ಲಬೇಕು. ಆಂಧ್ರ ವಿಶ್ವವಿದ್ಯಾನಿಲಯ 1926ರಲ್ಲಿ ಆರಂಭವಾದದ್ದು ಬೆಜವಾಡ, ಅಂದರೆ ವಿಜಯವಾಡದಲ್ಲಿ; ಬಳಿಕ ಇಲ್ಲಿನ ವಾಲ್ತೇರಿಗೆ ಬಂದಿತು. ಅದರ ಮೊದಲ ಉಪಕುಲಪತಿ ಸಿ. ಆರ್. ರೆಡ್ಡಿಯವರು, ಎರಡನೆಯವರು ರಾಧಾಕೃಷ್ಣನ್. ಇಬ್ಬರೂ ಅದಕ್ಕೆ ಮೊದಲು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದವರು!

ಇನ್ನು ಉಕ್ಕು. ‘ವಿಶಾಖ ಉಕ್ಕು, ಆಂಧ್ರುಲ ಹಕ್ಕು’ ಎಂಬ ಘೋಷಣೆಯನ್ನು ಇಂದಿಗೂ ಗೋಡೆಗಳ ಮೇಲೆ ಓದಬಹುದು. ಕಾರ್ಖಾನೆ ಬೇಕೆಂದು 1966ರಲ್ಲಿ ನಡೆದ ಚಳವಳಿಯಲ್ಲಿ ಗೋಲಿಬಾರಾಗಿ ರಾಜ್ಯದಲ್ಲಿ 32 ಮಂದಿ ಪ್ರಾಣ ತೆತ್ತರು. 1970ರ ಏಪ್ರಿಲಿನಲ್ಲಿ ಇಂದಿರಾ ಗಾಂಧಿಯವರು ದಕ್ಷಿಣಕ್ಕೆ ಮೂರು ಉಕ್ಕಿನ ಕಾರ್ಖಾನೆಗಳನ್ನು ಘೋಷಿಸಿದರು: ವಿಶಾಖಪಟ್ಟಣ, ಸೇಲಂ, ಮತ್ತು ನಮ್ಮ ಹೊಸಪೇಟೆಯ ಬಳಿಯ ವಿಜಯನಗರ. ವಿಜಯನಗರದಲ್ಲಿ ಅಡಿಗಲ್ಲು ಬಿದ್ದು ಅಲ್ಲೇ ಉಳಿಯಿತು. ಸರ್ಕಾರದ ಕಾರ್ಖಾನೆ ಏಳಲೇ ಇಲ್ಲ. 1990ರ ದಶಕದಲ್ಲಿ ತೋರಣಗಲ್ಲಿಗೆ ಖಾಸಗಿ ಜಿಂದಾಲ್ ಬಂದಿತು. ಇಲ್ಲಿಯಾದರೋ ಅರವತ್ತಕ್ಕೂ ಹೆಚ್ಚು ಹಳ್ಳಿಗಳು ನೆಲ ಬಿಟ್ಟುಕೊಟ್ಟು, ಇಪ್ಪತ್ತು ವರ್ಷ ಕಾದು, 1992ರಲ್ಲಿ ಕಾರ್ಖಾನೆ ಲೋಕಾರ್ಪಣೆಯಾಯಿತು. ಆದರೆ ಅದಕ್ಕೆ ಸ್ವಂತ ಅದಿರಿನ ಗಣಿ ಇಲ್ಲ. ಮನೆಯಲ್ಲಿ ಬತ್ತ ಬೆಳೆಯುವವನಿಗೂ ಅಂಗಡಿಯಲ್ಲಿ ಅಕ್ಕಿ ಕೊಳ್ಳುವವನಿಗೂ ಇರುವ ವ್ಯತ್ಯಾಸವೇ ಇದು. ಬೆಲೆ ಏರಿದಾಗ ಕೊಳ್ಳುವವನು ಕುಸಿಯುತ್ತಾನೆ. 2021ರ ಜನವರಿಯಲ್ಲಿ ಕೇಂದ್ರ ಸಂಪುಟ ಇದನ್ನು ಪೂರ್ತಿಯಾಗಿ ಮಾರಲು ತಾತ್ತ್ವಿಕ ಒಪ್ಪಿಗೆ ಕೊಟ್ಟಿತು, ಕಾರ್ಮಿಕರು ಬೀದಿಗಿಳಿದರು. 2025ರ ಜನವರಿಯಲ್ಲಿ ಕೇಂದ್ರವೇ 11,440 ಕೋಟಿ ರೂಪಾಯಿಯ ನೆರವು ಘೋಷಿಸಿತು. ಗಣಿಯ ಪ್ರಶ್ನೆ ಬಗೆಹರಿಯದೆ ಬರಿಯ ಹಣದಿಂದ ಇದು ನಿಲ್ಲುವುದೇ ಎಂಬ ಸಂಶಯ ನಮಗಿದೆ. ಅದೇ ವರ್ಷ ಅಕ್ಟೋಬರಿನಲ್ಲಿ ಗೂಗಲ್ ಕಂಪೆನಿ ಇಲ್ಲಿ ದೊಡ್ಡ ದತ್ತಾಂಶ ಕೇಂದ್ರ ಕಟ್ಟುವುದಾಗಿ ಪ್ರಕಟಿಸಿತು. ಅಂಥ ಕಟ್ಟಡಕ್ಕೆ ಬೇಕಾಗುವುದು ಬಹಳ ವಿದ್ಯುತ್ತು, ಬಹಳ ನೀರು. ಕಟ್ಟಿ ಮುಗಿದ ಮೇಲೆ ಕೈಗಳು ಕಡಿಮೆ ಸಾಕು.

ವಿಜಯವಾಡ ಬೇರೆ ಜಾತಿಯ ಊರು. ಅಲ್ಲಿ ಒಡೆಯರು ರೈಲು, ಲಾರಿ, ವ್ಯಾಪಾರ; ಎಲ್ಲಕ್ಕೂ ತಾಯಿ ಕೃಷ್ಣೆ. 1855ರಲ್ಲಿ ಮುಗಿದ ಅಣೆಕಟ್ಟು, ಅದರ ಬದಲಿಗೆ 1957ರಲ್ಲಿ ಬಂದ ಪ್ರಕಾಶಂ ಬ್ಯಾರೇಜು ಡೆಲ್ಟಾದ ಗದ್ದೆಗಳಿಗೆ ನೀರು ಹರಿಸಿದುದರಿಂದ ಪೇಟೆ ಬೆಳೆಯಿತು. ಆಲಮಟ್ಟಿ, ನಾರಾಯಣಪುರ ದಾಟಿ ಬಂದ ನೀರದು. 2024ರ ಸೆಪ್ಟೆಂಬರಿನಲ್ಲಿ ಬ್ಯಾರೇಜಿಗೆ 11 ಲಕ್ಷ ಕ್ಯೂಸೆಕ್ಸಿಗೂ ಮೀರಿ ನೀರು ಬಂದಾಗ ಸಿಂಗ್ ನಗರವನ್ನು ಮುಳುಗಿಸಿದ್ದು ಕೃಷ್ಣೆಯಲ್ಲ, ಬುಡಮೇರು ಎಂಬ ತೊರೆ. ಬಾಡಿಗೆ ಅಗ್ಗವೆಂದು ಮನೆ ಹಿಡಿಯುವಾಗ ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂದು ನೆರೆಯವರನ್ನು ಕೇಳಿರಿ.

ವಿಶಾಖಪಟ್ಟಣದಲ್ಲಿ ಕೇಳಬೇಕಾದುದು ಗಾಳಿಯನ್ನು ಕುರಿತು. 1997ರ ಸೆಪ್ಟೆಂಬರಿನಲ್ಲಿ ತೈಲ ಕಾರ್ಖಾನೆಯ ಬೆಂಕಿ ಹಲವು ಜೀವಗಳನ್ನು ತೆಗೆದುಕೊಂಡಿತು. 2020ರ ಮೇ 7ರ ಬೆಳಗಿನ ಜಾವ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಅನಿಲ ಸೋರಿ ನಿದ್ದೆಯಲ್ಲಿದ್ದ ವೆಂಕಟಾಪುರದ ಜನ ಸತ್ತರು. ಅದು ಗಾಳಿಗಿಂತ ಭಾರವಾದ ಅನಿಲ, ನೆಲ ಹಿಡಿದು ಹರಿಯುತ್ತದೆ. ಇಂಥ ಸಮಯದಲ್ಲಿ ಗಾಳಿ ಬೀಸುವ ದಿಕ್ಕಿಗೇ ಓಡಬಾರದು. ಅಡ್ಡಲಾಗಿ ಸರಿದು, ಮೂಗಿಗೆ ಒದ್ದೆ ಬಟ್ಟೆ ಹಿಡಿದು, ಎತ್ತರದ ಜಾಗಕ್ಕೆ ಹೋಗಬೇಕು. ಮನೆಯ ಹೆಂಗಸರಿಗೂ ಮಕ್ಕಳಿಗೂ ಇದನ್ನು ಹೇಳಿಕೊಡಿರಿ.

ಕಡೆಯದಾಗಿ ಭಾಷೆ. ತೆಲುಗು ಲಿಪಿ ನಮ್ಮ ಲಿಪಿಯ ಅಕ್ಕತಂಗಿಯಂತಿದೆ. ಬಸ್ಸಿನ ಹಲಗೆಗಳನ್ನು ದಿನವೂ ಓದಿದರೆ ಕೆಲವು ವಾರಗಳಲ್ಲಿ ಕೈಗೆ ಬರುತ್ತದೆ. ಊರ ಹೆಸರುಗಳಿಂದ ಆರಂಭಿಸಬಹುದು. ಕೊಂಡ ಎಂದರೆ ಬೆಟ್ಟ, ಪಾಲೆಂ ಎಂದರೆ ಹಳ್ಳಿ, ಗೆಡ್ಡ ಎಂದರೆ ಹಳ್ಳ. ಈ ಉತ್ತರ ಜಿಲ್ಲೆಗಳಲ್ಲಿ ‘ವಲಸ’ ಎಂದು ಕೊನೆಗೊಳ್ಳುವ ಹಳ್ಳಿಗಳು ಬಹಳ. ಅದು ನಮ್ಮ ‘ವಲಸೆ’ಯೇ. ಕಿರಂದುಲ್ ಮಾರ್ಗ ಕವಲೊಡೆಯುವ ಕೊತ್ತವಲಸ ನಿಲ್ದಾಣದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಹೊಸ ವಲಸೆ’ ಎಂದಾಗುತ್ತದೆ.