ಪೇಟಿಯ ಹತ್ತಿರ ಕೂಡ್ರಿ: ಬೇಸಿಗೆಯ ಹಾಡು, ಆಟಕ್ಕೆ ಹೊರಟವರಿಗೆ ಕಿವಿಮಾತು

ಯುಗಾದಿ ದಾಟಿತೆಂದರೆ ಬೆಳಗಾವಿಯಲ್ಲಿ ಸಂಜೆ ಮನೆಯೊಳಗೆ ಕೂಡ್ರುವವರು ಕಡಿಮೆ. ಹಗಲು ಎಷ್ಟೇ ಕಾದರೂ ಹೊತ್ತು ಮುಳುಗುತ್ತಲೇ ಪಡುವಣ ಗಾಳಿ ಬೀಸತೊಡಗುತ್ತದೆ. ಒಂದು ಕಡೆ ಭಜನಿ, ಇನ್ನೊಂದು ಕಡೆ ಮಂಡಳದ ಹುಡುಗರ ನಾಟಕದ ತಾಲೀಮು, ಮತ್ತೆಲ್ಲೋ ತಬಲಾ ಹೊಂದಿಸುವ ಸುತ್ತಿಗೆಯ ಸದ್ದು. ಖಾಸಬಾಗ, ವಡಗಾವ, ಶಹಾಪುರದ ಮಗ್ಗದ ಮನೆಗಳಲ್ಲಿ ಬೆಳೆದ ನಮಗೆ ಇದಕ್ಕೆಲ್ಲ ಕರೆಯೋಲೆ ಬೇಕಿರಲಿಲ್ಲ. ಈಗ ಊರು ಬೆಳೆದಿದೆ. ಓದಲು, ದುಡಿಯಲು ಬಂದು ಇಲ್ಲಿ ಖೋಲಿ ಹಿಡಿದ ಹುಡುಗ ಹುಡುಗಿಯರು "ಅಜ್ಜಾ, ಎಲ್ಲಿಗೆ ಹೋಗೂಣು, ಏನ ನೋಡೂಣು" ಎಂದು ಕೇಳುತ್ತಾರೆ. ಅವರಿಗೂ, ಈ ಸಲ ಗಲ್ಲಿಯಲ್ಲಿ ತಾವೇ ಏನಾದರೂ ಇಡಬೇಕೆಂದು ಓಡಾಡುತ್ತಿರುವ ನಮ್ಮ ಮಂಡಳದ ಪೋರರಿಗೂ ನೆನಪಾದಂತೆ ಬರೆದಿದ್ದೇನೆ.

• ಮೊದಲು ಕೂಡ್ರುವ ಜಾಗ. ಸಂಗೀತವಿದ್ದರೆ ಮುಂದೆ ಹೋಗಿ, ಜಮಖಾನೆಯ ಮೇಲೆ, ಪೇಟಿ (ಹಾರ್ಮೋನಿಯಂ) ನುಡಿಸುವವರ ಬದಿಗೆ ಕೂಡ್ರಿ. ಸೋಫಾಗಳು ಅತಿಥಿಗಳಿಗೆ, ಅವರು ಹೇಗೂ ಅರ್ಧಕ್ಕೇ ಏಳುತ್ತಾರೆ. ಹತ್ತಿರ ಕುಳಿತರೆ ಮೈಕಿಗೆ ಸಿಗದ್ದು ಸಿಗುತ್ತದೆ. ಗಾಯಕ ತಾನು ತೆಗೆಯಬೇಕೆಂದಿರುವ ಜಾಗವನ್ನು ಎಡಗೈಯಿಂದ ತೋರಿಸುವುದು, ಪೇಟಿಯವ ಅವನ ತುಟಿ ನೋಡುತ್ತ ತಿದಿ ಒತ್ತುವುದನ್ನು ಒಂದು ಕ್ಷಣ ಬಿಗಿಹಿಡಿಯುವುದು, ತಬಲಾದವ ನಗುವುದು, ಇವೆಲ್ಲ ಸೇರಿಯೇ ಹಾಡು. ಈ ಊರಿನಲ್ಲಿ ಪೇಟಿಯನ್ನು ಬರೀ ಹಿಂದಿನ ಸದ್ದೆಂದು ತಿಳಿಯಬೇಡಿ. ಪಂಡಿತ ರಾಮಭಾವು ವಿಜಾಪುರೆ (1917–2010) ಇಲ್ಲಿಯೇ ಇದ್ದು ದಶಕಗಟ್ಟಲೆ ಪೇಟಿ ಕಲಿಸಿದರು, ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟರು, ಪೇಟಿಯೊಂದನ್ನೇ ಮುಂದಿಟ್ಟುಕೊಂಡು ಕಛೇರಿಯನ್ನೂ ಮಾಡಿದರು. ಆಕಾಶವಾಣಿ 1940ರಲ್ಲಿ ಈ ವಾದ್ಯಕ್ಕೆ ಬಾಗಿಲು ಹಾಕಿದ್ದು ಮೂರು ದಶಕ ತೆರೆಯಲಿಲ್ಲ. ದೆಹಲಿಯಲ್ಲಿ ಬೇಡವಾದ ಪೇಟಿ ಬೆಳಗಾವಿಯ ಮನೆಮನೆಯಲ್ಲಿತ್ತು.

• ಮಗ್ಗದಲ್ಲಿ ದುಡಿದವರಿಗೆ ಇನ್ನೊಂದು ಮಾತು. ಪಾವರ್‌ಲೂಮಿನ ಖಟಖಟದಲ್ಲಿ ವರ್ಷಗಟ್ಟಲೆ ಕಳೆದ ಕಿವಿಗೆ ತೆಳ್ಳನೆಯ ದನಿ ಮೊದಲು ಕಳೆದುಹೋಗುತ್ತದೆ. ನಾಚಿಕೆ ಬಿಟ್ಟು ಮುಂದೆ ಕೂಡ್ರಿ, ದನಿ ಏರಿಸಿರೆಂದು ಹಿಂದಿನಿಂದ ಕೂಗಬೇಡಿ.

• ಕರಪತ್ರದಲ್ಲಿ ಆರು ಗಂಟೆ ಎಂದಿದ್ದರೆ ಆರೂವರೆಗೆ ಶುರುವಾಗುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಆರಕ್ಕೇ ಹೋಗಿ, ಶ್ರುತಿ ಸೇರಿಸುವುದನ್ನು ನೋಡಿ. ಬೇಸಿಗೆಯ ಒಣಗಾಳಿಗೆ ತಬಲಾದ ಚರ್ಮ ಬಿಗಿದು ಸ್ವರ ಏರುತ್ತದೆ. ನಡುವೆ ಒಂದು ಮಳೆ ಬಿದ್ದರೆ ಇಳಿಯುತ್ತದೆ. ತಬಲಾದವ ಎರಡು ಹಾಡಿನ ನಡುವೆ ಮತ್ತೆ ಮತ್ತೆ ಸುತ್ತಿಗೆ ಹಿಡಿಯುವುದು ಅದಕ್ಕೇ. ಆಗ ಸೀಟಿ ಹೊಡೆಯಬಾರದು. ಹೊತ್ತು ಮುಳುಗುವಾಗ ಮಾರವಾ, ಪೂರಿಯಾ, ಆಮೇಲೆ ಯಮನ್, ರಾತ್ರಿ ಬೆಳೆದರೆ ಬಾಗೇಶ್ರೀ, ಮಾಲಕಂಸ. ತಡವಾಗಿ ಹೋದವರಿಗೆ ಮಾರವಾ ಸಿಗುವುದಿಲ್ಲ. ಭೈರವಿ ಶುರುವಾದರೆ ಮುಗಿಯುವ ಹೊತ್ತಾಯಿತೆಂದು ಅರ್ಥ, ಆಗ ಚಪ್ಪಲಿ ಹುಡುಕಲು ಏಳಬೇಡಿ.

• ಎಲ್ಲಿ ಏನಿದೆ ಎಂದು ತಿಳಿಯಲು ಮೊಬೈಲೊಂದನ್ನೇ ನಂಬಬೇಡಿ. ಕುಮಾರ ಗಂಧರ್ವ ಕಲಾಮಂದಿರದ ಫಲಕ, ಚೆನ್ನಮ್ಮ ಸರ್ಕಲ್ಲಿನ ಕನ್ನಡ ಸಾಹಿತ್ಯ ಭವನ, ಸರದಾರ್ಸ್ ಮೈದಾನದ ಬೇಲಿ, ಗಲ್ಲಿಯ ಗುಡಿಯ ಗೋಡೆ, ಇವನ್ನು ವಾರಕ್ಕೊಮ್ಮೆ ಕಣ್ಣಾಡಿಸಿದರೆ ಸಾಕು. ಕಲಾಮಂದಿರಕ್ಕೆ ಹೋದಾಗ ಆ ಹೆಸರಿನವರು ಯಾರೆಂದು ಜೊತೆಗಿನ ಮಕ್ಕಳಿಗೆ ಹೇಳಿ. ಶಿವಪುತ್ರಯ್ಯ ಕೊಂಕಾಳಿಮಠ ಎಂಬ ಹುಡುಗ 1924ರ ಏಪ್ರಿಲ್ 8ರಂದು ಹುಟ್ಟಿದ್ದು ಇಲ್ಲೇ ಮಗ್ಗುಲಿನ ಸುಳೇಭಾವಿಯಲ್ಲಿ. ಎಳವೆಯಲ್ಲೇ ಕುಮಾರ ಗಂಧರ್ವನೆಂಬ ಹೆಸರು ಪಡೆದ. ಕ್ಷಯದಿಂದ ಒಂದು ಪುಪ್ಪುಸ ಕೆಟ್ಟ ಮೇಲೂ ದೇವಾಸದಲ್ಲಿ ಕೂತು ಹಾಡಿನ ಹೊಸ ದಾರಿ ಹುಡುಕಿದ.

• ಅಡ್ಡಮಳಿಯನ್ನು ಮರೆಯಬೇಡಿ. ಏಪ್ರಿಲ್ ಮಧ್ಯದಿಂದ ಅಶ್ವಿನಿ, ಭರಣಿ ಎನ್ನುತ್ತ ಸಂಜೆ ನಾಲ್ಕಕ್ಕೆ ಮೋಡ ಕಟ್ಟಿ ಐದಕ್ಕೆ ಸುರಿದು ಏಳಕ್ಕೆ ಚುಕ್ಕಿ ಕಾಣುವುದು ಇಲ್ಲಿನ ರೂಢಿ. ಕೆಲವೊಮ್ಮೆ ಆಣೆಕಲ್ಲೂ ಬೀಳುತ್ತವೆ. ಬಯಲಿನ ಕಾರ್ಯಕ್ರಮಕ್ಕೆ ಕೊಡೆಗಿಂತ ತಲೆಗೂ ಹಾಸಲಿಕ್ಕೂ ಆಗುವ ಒಂದು ಪ್ಲಾಸ್ಟಿಕ್ ಹಾಳೆ ಒಳ್ಳೆಯದು. ಗುಡುಗು ಕೇಳಿದರೆ ಗಿಡದ ಕೆಳಗೆ, ಫ್ಲೆಕ್ಸ್ ಕಮಾನಿನ ಕೆಳಗೆ ನಿಲ್ಲಬೇಡಿ. ಮಂಟಪ ಹಾಕಿದ ಮಂಡಳದವರು ತಾಡಪತ್ರಿಯ ಹೊಟ್ಟೆಯಲ್ಲಿ ನಿಂತ ನೀರನ್ನು ಬಿದಿರಿನಿಂದ ಎತ್ತಿ ಚೆಲ್ಲಲು ಇಬ್ಬರು ಹುಡುಗರನ್ನು ಗೊತ್ತುಮಾಡಿರಬೇಕು. ಆ ನೀರು ಬೀಳುವುದು ಯಾವಾಗಲೂ ಹೆಂಗಸರು ಕುಳಿತ ಕಡೆಗೇ. ಮೊದಲು ಕರೆಂಟಿನ ಬೋರ್ಡು ಒಣ ಜಾಗದಲ್ಲಿದೆಯೇ ನೋಡಿ, ಹಾರ ತುರಾಯಿ ಆಮೇಲೆ.

• ಇನ್ನು ಚಿತ್ರರಥದ ರಾತ್ರಿ. ಸರ್ಕಾರಿ ಲೆಕ್ಕದಲ್ಲಿ ಶಿವಾಜಿ ಮಹಾರಾಜರ ಜಯಂತಿ ಫೆಬ್ರವರಿ 19; ಬೆಳಗಾವಿ ಮಾತ್ರ ಹಳೆಯ ತಿಥಿಯಂತೆ ವೈಶಾಖ ಶುದ್ಧ ಬಿದಿಗೆಯನ್ನು ಬಿಟ್ಟಿಲ್ಲ. ಮರುದಿನ ತದಿಗೆ, ಬಸವ ಜಯಂತಿ. ಹೀಗೆ ಒಂದೇ ವಾರದಲ್ಲಿ ಎರಡು ಮೆರವಣಿಗೆ. ಚಿತ್ರರಥಗಳು ಹೊರಡುವಾಗಲೇ ರಾತ್ರಿಯಾಗಿ, ಮುಗಿಯುವಾಗ ಬೆಳಕು ಹರಿದಿರುತ್ತದೆ. ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಕೋಟೆ ಕಟ್ಟಿ ಗಲ್ಲಿಯ ಹುಡುಗ ಹುಡುಗಿಯರೇ ಪಾತ್ರ ಹಾಕಿ ನಿಂತಿರುತ್ತಾರೆ. ಇಷ್ಟು ದೊಡ್ಡ ಬೀದಿ ನಾಟಕ ನಮ್ಮ ಸೀಮೆಯಲ್ಲಿ ಬೇರೆಲ್ಲೂ ಇಲ್ಲವೆಂದೇ ನನ್ನ ಅಭಿಪ್ರಾಯ. ಹೊರಡುವ ಜಾಗದಲ್ಲಿ ನೂಕಾಡಬೇಡಿ. ಗಾಡಿಗಳು ತಡೆದು ನಿಂತು ದೃಶ್ಯ ಆಡಿ ತೋರಿಸುವುದು ಚೌಕುಗಳಲ್ಲಿ. ಅಂಥ ಒಂದು ಚೌಕಿನಲ್ಲಿ, ಪರಿಚಯದವರ ಕಟ್ಟೆ ಸಿಕ್ಕರೆ ಅದರ ಮೇಲೆ ಜಾಗ ಹಿಡಿಯಿರಿ. ಮಧ್ಯರಾತ್ರಿ ದಾಟಿದ ಮೇಲೆ ಗದ್ದಲ ಇಳಿಯುತ್ತದೆ. ಆಗ ನೋಡಿ: ಜಿಜಾಬಾಯಿಯ ಪಾತ್ರ ಹಾಕಿದ ಶಾಲೆಯ ಹುಡುಗಿ ಕಾಡಿಗೆ ಬೆವರಿಗೆ ಇಳಿದರೂ ಕಣ್ಣು ಮಿಟುಕಿಸದೆ ನಿಂತಿರುತ್ತಾಳೆ, ಟ್ರೇಲರ್ ಹಿಂದಿನಿಂದ ಅವಳವ್ವ ನೀರಿನ ಬಾಟಲಿ ಹಿಡಿದು ನಡೆಯುತ್ತಿರುತ್ತಾಳೆ. ಆ ಹುಡುಗಿಗೊಂದು ಚಪ್ಪಾಳೆ ಕೊಡಿ.

• ಮೆರವಣಿಗೆಯ ಡಾಲ್ಬಿ ಸ್ಪೀಕರುಗಳಿಂದ ದೂರ ನಿಲ್ಲಿ. ಎದೆ ನಡುಗುವುದನ್ನು ಸಂಗೀತವೆನ್ನುವವರ ಜೊತೆ ವಾದಿಸುವ ವಯಸ್ಸು ನನ್ನದಲ್ಲ. ಲೆಕ್ಕವನ್ನಷ್ಟೇ ಹೇಳುತ್ತೇನೆ: ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಕಾರ್ಯಕ್ರಮಗಳಿಗೆ ಸರಾಸರಿ 100 ಡೆಸಿಬೆಲ್‌ನ ಮಿತಿ ಹಾಕಿದೆ. ಸದ್ದು ಮೂರು ಡೆಸಿಬೆಲ್ ಏರಿದರೆ ಕಿವಿಗೆ ಅಪಾಯವಿಲ್ಲದೆ ಕೇಳಬಹುದಾದ ಹೊತ್ತು ಅರ್ಧಕ್ಕಿಳಿಯುತ್ತದೆ. ಹಸುಗೂಸನ್ನು ಸ್ಪೀಕರ್ ಗೋಡೆಯ ಮುಂದೆ ಎತ್ತಿಹಿಡಿದು ಕುಣಿಸುವ ಅಪ್ಪಂದಿರನ್ನು ಕಂಡರೆ ಮಾತ್ರ ನನಗೆ ಸುಮ್ಮನಿರಲಾಗುವುದಿಲ್ಲ. ಢೋಲ್ ತಾಶಾ, ಜಾಂಜ್, ಲೇಜೀಮು ಬಂದಾಗ ಬೇಕಾದರೆ ಮುಂದೆ ಹೋಗಿ. ಅದನ್ನಾದರೂ ಮನುಷ್ಯರು ಬಾರಿಸುತ್ತಾರೆ.

• ಹೊಟ್ಟೆ: ಮಜ್ಜಿಗೆ, ಗಿರ್ಮಿಟ್ಟು ಸಾಕು. ಊಟ ಜಡಿದು ಹೋದವರು ವಿಲಂಬಿತದಲ್ಲೇ ತೂಕಡಿಸುತ್ತಾರೆ.

• ಜಾತ್ರೆಯಲ್ಲಿ ಶ್ರೀಕೃಷ್ಣ ಪಾರಿಜಾತವೋ ಸಣ್ಣಾಟವೋ ಇದೆಯೆಂದು ಕೇಳಿದರೆ ಮಧ್ಯಾಹ್ನ ಮಲಗಿ ಎದ್ದು ಹೋಗಿ, ಇಡೀ ರಾತ್ರಿಯ ಕೆಲಸ ಅದು. ಪಾರಿಜಾತ ನಮ್ಮ ಜಿಲ್ಲೆಯದೇ ಆಟ. ಕುಲಗೋಡ ತಮ್ಮಣ್ಣ ಹೊಂದಿಸಿದ, ಕೌಜಲಗಿಯ ನಿಂಗಮ್ಮ ಮೇಳ ಕಟ್ಟಿಕೊಂಡು ಊರೂರು ಮೆರೆಸಿದಳು. ಗೊಲ್ಲತಿ ಮತ್ತು ಭಾಗವತನ ಚಕಮಕಿ ಆಗಲೇ ಹುಟ್ಟುವ ಮಾತು, ನಿನ್ನೆಯ ಸುದ್ದಿಯೂ ಅದರಲ್ಲಿ ಬರುತ್ತದೆ. ನೀವು ಮುಂದೆ ಕುಳಿತಿದ್ದರೆ ನಿಮ್ಮ ಅಂಗಿಯೂ ಬರಬಹುದು, ಸಿಟ್ಟಾಗಬೇಡಿ. ಕಂಪನಿ ನಾಟಕದ ಕಾಲ ಹೇಗಿತ್ತೆಂದು ತಿಳಿಯಬೇಕೆನ್ನುವವರು ಏಣಗಿ ಬಾಳಪ್ಪನವರ (1914–2017) ಬಗ್ಗೆ ಓದಿ. ಸ್ತ್ರೀಪಾತ್ರದಿಂದ ಶುರುಮಾಡಿ, ತಮ್ಮದೇ ಕಲಾವೈಭವ ನಾಟ್ಯಸಂಘ ಕಟ್ಟಿ, ನೂರು ದಾಟಿ ಬಾಳಿದವರು. ಆಹೇರಿ ಕೊಡುವುದಿದ್ದರೆ ಕೊಡಿ, ಕಲಾವಿದರ ಹೊಟ್ಟೆಗೆ ಹೋಗುತ್ತದೆ. ಆದರೆ ಸತ್ತ ಮಗನನ್ನು ತೊಡೆಯ ಮೇಲಿಟ್ಟುಕೊಂಡು ತಾಯಿ ಅಳುತ್ತಿರುವಾಗ "ಇಂಥವರಿಂದ ಐವತ್ತೊಂದು ರೂಪಾಯಿ" ಎಂದು ಮೈಕಿನಲ್ಲಿ ಕೂಗಿಸುವುದನ್ನು ಇನ್ನಾದರೂ ಬಿಡೋಣ. ಪರದೆ ಬಿದ್ದ ಮೇಲೆ ಓದಿಸಿದರೂ ಹೆಸರು ಅದೇ ಇರುತ್ತದೆ.

• ಯಾವ ಭಾಷೆಯ ಕಾರ್ಯಕ್ರಮ ಎಂದು ಬಾಗಿಲಲ್ಲೇ ಮುಖ ತಿರುಗಿಸಬೇಡಿ. ಇಲ್ಲಿ ಭಜನಿಯಲ್ಲಿ ಒಂದು ವಚನ, ಒಂದು ದಾಸರ ಪದ, ಒಂದು ಅಭಂಗ ಬೆನ್ನುಬೆನ್ನಿಗೆ ಬರುತ್ತವೆ. ಶಹಾಪುರ 1948ರವರೆಗೆ ಸಾಂಗ್ಲಿ ಸಂಸ್ಥಾನದಲ್ಲಿತ್ತು. ಅದೇ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿ ನಾಟಕ ಶುರುಮಾಡಿದ್ದು ಕನ್ನಡ ಸೀಮೆಯಿಂದ ಬಂದ ಮೇಳದ ಆಟ ಅಲ್ಲಿ ನಡೆದ ಮೇಲೆ. 1880ರಲ್ಲಿ ‘ಸಂಗೀತ ಶಾಕುಂತಲ’ ಆಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಮಲಪ್ರಭೆಯ ದಂಡೆಯ ಗುರ್ಲಹೊಸೂರಿನಲ್ಲಿ. ನಮ್ಮಲ್ಲಿಂದ ಹೋದದ್ದು ಅವರಲ್ಲಿ ಬೆಳೆದು, ನಾಟ್ಯಗೀತೆಯಾಗಿ ನಮ್ಮ ಕಂಪನಿಗಳಿಗೇ ಮರಳಿ ಬಂತು. ಗಡಿಯ ಜಗಳ ಮಾಡುವವರಿಗೆ ಬೇರೆ ಜಾಗಗಳಿವೆ.

• ಖಾನಾಪುರದ ಹಳ್ಳಿಗಳ ಜಾತ್ರೆಗೆ, ಊರ ಹುಡುಗರ ನಾಟಕಕ್ಕೆ ಕರೆದರೆ ತಪ್ಪಿಸಬೇಡಿ. ಮಳೆಗಾಲ ಹಿಡಿದರೆ ಆ ಸೀಮೆ ಮತ್ತೆ ಕೈಗೆ ಸಿಗುವುದಿಲ್ಲ. ಖಾನಾಪುರ ಇಲ್ಲಿಂದ ಸುಮಾರು 25 ಕಿಲೋಮೀಟರ್, ಬಸ್ಸೂ ರೈಲೂ ಇವೆ. ಆದರೆ ಪೇಟೆ ದಾಟಿ ಕಾಡಿನ ರಸ್ತೆ ಹಿಡಿಯುವವರು ರಾತ್ರಿ ಬೈಕಿನಲ್ಲಿ ಮರಳಬಾರದು, ಕಾಡುಪ್ರಾಣಿ ರಸ್ತೆಗೆ ಬರುತ್ತವೆ. ಚಾದರ ಒಯ್ಯಿರಿ, ಅಲ್ಲೇ ಯಾರದಾದರೂ ಪಡಸಾಲೆಯಲ್ಲಿ ಒರಗಿ, ಚಹಾ ಕುಡಿದು ಮುಂಜಾನೆ ಬನ್ನಿ. ಕೊನೆಯ ಬಸ್ಸು ಎಷ್ಟಕ್ಕೆ ಎಂದು ಹೋಗುವಾಗಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ.

• ಚೌಡಿಕೆ ಪದ, ಲಾವಣಿ, ಗೀಗೀ ಹಾಡುವವರ ಮುಖಕ್ಕೆ ಮೊಬೈಲ್ ಹಿಡಿಯುವ ಮೊದಲು ಕೇಳಿ. ಒಪ್ಪಿದರೆ ಪೂರಾ ಹಿಡಿಯಿರಿ, ಮೂವತ್ತು ಸೆಕೆಂಡಿನ ತುಂಡು ಬೇಡ. ಹೆಸರು, ಊರು, ಯಾರಿಂದ ಕಲಿತರೆಂಬುದನ್ನು ಅವರ ಬಾಯಿಂದಲೇ ಹೇಳಿಸಿಟ್ಟುಕೊಳ್ಳಿ. ನಂದಗಡದಲ್ಲಿ 1831ರ ಜನವರಿ 26ರಂದು ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ದಂಗೆಯ ಲಾವಣಿಯನ್ನು 1880ರ ದಶಕದಲ್ಲಿ ಅಚ್ಚಿಗೆ ತಂದವನು ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ. ಗಲ್ಲಿಗೇರಿಸಿದ ಸರ್ಕಾರದ ನೌಕರನೇ ಅದನ್ನು ಕೂಡಿಟ್ಟ. ಕೈಯಲ್ಲಿ ಮೊಬೈಲಿರುವ ನಮಗೇನು ಧಾಡಿ?

• ಮಕ್ಕಳಿಗೆ ವೇದಿಕೆ ಕೊಡಿ, ಕಡೆಗಲ್ಲ, ಮೊದಲಿಗೇ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಾಗತಗೀತೆ ಹಾಡಿದವರಲ್ಲಿ ಹನ್ನೊಂದರ ಹುಡುಗಿ ಗಂಗೂಬಾಯಿ ಹಾನಗಲ್ ಇದ್ದಳು. ಬೇಸಿಗೆ ಶಿಬಿರದ ಮಕ್ಕಳ ನಾಟಕವನ್ನು ರಾತ್ರಿ ಹತ್ತಕ್ಕೆ ತಳ್ಳಿದರೆ ಅವು ಬಣ್ಣ ಹಚ್ಚಿಕೊಂಡೇ ನಿದ್ದೆ ಹೋಗುತ್ತವೆ.

• ಈಗ ಮಂಡಳದವರಿಗೆ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧವೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಹನ್ನೆರಡರವರೆಗೆ ಬಿಡಬಹುದು. ನಿಮ್ಮ ದಿನ ಅದರಲ್ಲಿ ಬರುತ್ತದೆಯೇ ಎಂದು ಠಾಣೆಯಲ್ಲಿ ಮೊದಲೇ ಕೇಳಿ. ರಸ್ತೆಯಲ್ಲಿ ಮಂಟಪಕ್ಕೆ ಪಾಲಿಕೆ, ಕರೆಂಟಿಗೆ ಹೆಸ್ಕಾಂ. ಕಂಬಕ್ಕೆ ಕೊಕ್ಕೆ ಹಾಕುವ ಹುಂಬತನ ಬೇಡ. ಆಸ್ಪತ್ರೆಯ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯವಾಗಿರಬಹುದು, ಅದನ್ನೂ ನೋಡಿಕೊಳ್ಳಿ. ಅದಕ್ಕಿಂತ ಮುಂಚೆ ಗಲ್ಲಿಯ ಮನೆಮನೆಗೆ ಹೋಗಿ ದಿನ, ಹೊತ್ತು ಹೇಳಿ ಬನ್ನಿ. ರಾತ್ರಿಪಾಳಿ ಮುಗಿಸಿ ಮಲಗುವವರು, ಬಾಣಂತಿ, ಪರೀಕ್ಷೆಯ ಹುಡುಗರು ಯಾವ ಮನೆಯಲ್ಲಿದ್ದಾರೆಂದು ಗೊತ್ತಾದರೆ ಸ್ಪೀಕರಿನ ಬಾಯಿ ಎತ್ತ ತಿರುಗಿಸಬೇಕೆಂದು ತಾನೇ ತಿಳಿಯುತ್ತದೆ.

• ಕಲಾವಿದರಿಗೆ ಶಾಲು ಬೇಡ, ಅವರ ಕಪಾಟು ತುಂಬಿದೆ. ಮಾತಾದ ಹಣವನ್ನು ಲಕೋಟೆಯಲ್ಲಿಟ್ಟು ವೇದಿಕೆ ಹತ್ತುವ ಮೊದಲೇ ಕೊಡಿ. ತಬಲಾ, ಪೇಟಿ, ತಾಳದವರಿಗೆ ಬೇರೆ ಬೇರೆ ಲಕೋಟೆ. ಹೆಣ್ಣುಮಕ್ಕಳು ಸೀರೆ ಉಡಲು ಬಾಗಿಲು ಹಾಕಬರುವ ಒಂದು ಕೋಣೆ, ಹತ್ತಿರದಲ್ಲೊಂದು ಶೌಚಾಲಯ. ಸತ್ಕಾರ, ಭಾಷಣ ಎಲ್ಲ ಕೂಡಿ ಇಪ್ಪತ್ತು ನಿಮಿಷ. ಎರಡನೆಯ ಭಾಷಣಕ್ಕೆ ಜನ ಎದ್ದರೆ ಬೈಯಬೇಕಾದ್ದು ಜನರನ್ನಲ್ಲ. ಮೈಕಿನವನಿಗೆ ಎಕೋ ಕಡಿಮೆ ಮಾಡಲು ಹೇಳಿ, ಭಜನಿ ಬಾವಿಯೊಳಗಿಂದ ಬಂದಂತೆ ಕೇಳಬಾರದು.

• ಮರುದಿನ ಮುಂಜಾನೆ, ಸಂಜೆಗಲ್ಲ, ಮಂಟಪದ ಮೊಳೆ ಆರಿಸಿ, ರಸ್ತೆಯ ಕುಣಿ ಮುಚ್ಚಿ, ಪತ್ರಾವಳಿ ಎತ್ತಿ. ವಂತಿಗೆ ಎಷ್ಟು ಬಂತು, ಎಲ್ಲಿ ಖರ್ಚಾಯಿತು ಎಂದು ಬರೆದು ಗುಡಿಯ ಗೋಡೆಗೆ ಹಚ್ಚಿ. ಹತ್ತು ರೂಪಾಯಿ ಕೊಟ್ಟ ಅಜ್ಜಿಯ ಹೆಸರೂ ಅದರಲ್ಲಿರಲಿ. ಉಳಿದ ದುಡ್ಡಿನಲ್ಲಿ ಊಟ ಮಾಡಬೇಡಿ. ಭಜನಿ ಮಂಡಳದ ಪೇಟಿಯ ತಿದಿ ಸೋರುತ್ತಿದೆ, ಮಳೆಗಾಲ ಹಿಡಿಯುವ ಮೊದಲು ರಿಪೇರಿಗೆ ಕೊಡಿ.